ಮಗುವಿನ ಜೀವನಾಂಶದಲ್ಲಿ ಚಿಕಿತ್ಸಾ ವೆಚ್ಚ ಮತ್ತು ಆರೋಗ್ಯ ವಿಮೆ: ನ್ಯಾಯಾಲಯದಲ್ಲಿ ಕೇಳಿ ಪಡೆಯುವ ಕ್ರಮ

ದಂಪತಿಗಳು ಬೇರೆಯಾದ ಮೇಲೆ ಮಗುವಿನ ಪೋಷಣೆಗಾಗಿ ಹೊರಡುವ ಅನೇಕ ಆದೇಶಗಳು ಒಂದೇ ಅಂಕಿಯಲ್ಲಿ ಮುಗಿದುಹೋಗುತ್ತವೆ: ತಂದೆಯು ಪ್ರತಿ ತಿಂಗಳು ಇಂತಿಷ್ಟು ರೂಪಾಯಿ ಕೊಡತಕ್ಕದ್ದು. ಊಟ, ಬಟ್ಟೆ, ಶಾಲೆಯ ಶುಲ್ಕ, ಬಾಡಿಗೆಯ ಪಾಲು, ಔಷಧ ಎಲ್ಲವೂ ಆ ಅಂಕಿಯೊಳಗೆ ಅಡಗಿವೆ ಎಂದು ಭಾವಿಸಲಾಗುತ್ತದೆ. ಮಗು ಆರೋಗ್ಯವಾಗಿರುವಷ್ಟು ಕಾಲ ಈ ಲೆಕ್ಕ ಹೇಗೋ ನಡೆದುಕೊಂಡು ಹೋಗುತ್ತದೆ. ಡೆಂಗಿಯೋ ನ್ಯುಮೋನಿಯಾವೋ ಬಂದು ಮಗುವನ್ನು ಆಸ್ಪತ್ರೆಗೆ ಸೇರಿಸಬೇಕಾದ ದಿನ ಮಾತ್ರ ಆದೇಶದ ಪ್ರತಿಯನ್ನು ಎಷ್ಟು ಸಲ ತಿರುವಿದರೂ ಮುಂಗಡ ಯಾರು ಕಟ್ಟಬೇಕು, ವಿಮೆಯ ಕಾರ್ಡು ಯಾರ ಬಳಿ ಇದೆ, ಕ್ಲೇಮಿನ ಹಣ ಯಾರ ಖಾತೆಗೆ ಬರುತ್ತದೆ ಎಂಬ ಯಾವ ಪ್ರಶ್ನೆಗೂ ಉತ್ತರ ಸಿಗುವುದಿಲ್ಲ. ಈ ಉತ್ತರಗಳು ಆದೇಶದಲ್ಲಿ ಇರಬೇಕಾದರೆ ಅವನ್ನು ಅರ್ಜಿಯಲ್ಲೇ ಕೇಳಿರಬೇಕು. ಕೇಳದ ಪರಿಹಾರವನ್ನು ನ್ಯಾಯಾಲಯ ತಾನಾಗಿ ಕೊಡುವುದು ಅಪರೂಪ. ಮಗುವನ್ನು ತನ್ನ ಬಳಿ ಇಟ್ಟುಕೊಂಡಿರುವ ತಾಯಿ ಅಥವಾ ತಂದೆ, ಮತ್ತು ಅವರಿಗೆ ನೆರವಾಗುವ ಬಂಧುಗಳು, ವಕೀಲರನ್ನು ಕಾಣುವ ಮೊದಲು ಏನನ್ನು ತಿಳಿದು, ಏನನ್ನು ಸಿದ್ಧಪಡಿಸಿಕೊಂಡಿರಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಚಿಕಿತ್ಸೆಯ ಹಕ್ಕು ಯಾವ ಕಾನೂನಿನಲ್ಲಿದೆ

ಹಿಂದೂ ದತ್ತಕ ಮತ್ತು ಜೀವನಾಂಶ ಅಧಿನಿಯಮ, 1956ರ 3ನೇ ಕಲಮಿನಲ್ಲಿ ಜೀವನಾಂಶ ಎಂದರೆ ಊಟ, ಬಟ್ಟೆ, ವಸತಿ, ಶಿಕ್ಷಣದ ಜೊತೆಗೆ ವೈದ್ಯಕೀಯ ಆರೈಕೆ ಮತ್ತು ಚಿಕಿತ್ಸೆ ಎಂದು ಸ್ಪಷ್ಟವಾಗಿಯೇ ಬರೆದಿದೆ. ಅದೇ ಕಾಯ್ದೆಯ 20ನೇ ಕಲಮು ಮಕ್ಕಳನ್ನು ಪೋಷಿಸುವ ಹೊಣೆಯನ್ನು ತಂದೆ ಮತ್ತು ತಾಯಿ ಇಬ್ಬರ ಮೇಲೂ ಹೊರಿಸುತ್ತದೆ. ವಿವಾಹದಿಂದ ಹುಟ್ಟಿದ ಮಗು, ವಿವಾಹದ ಹೊರಗೆ ಹುಟ್ಟಿದ ಮಗು ಎಂಬ ಭೇದ ಅದರಲ್ಲಿಲ್ಲ. ಹೀಗಾಗಿ ಮಗು ತಂದೆಯ ಬಳಿ ಇದ್ದು ತಾಯಿಗೆ ಒಳ್ಳೆಯ ಸಂಪಾದನೆ ಇದ್ದರೆ, ಚಿಕಿತ್ಸೆಯ ಪಾಲನ್ನು ಆಕೆಯಿಂದಲೂ ಕೇಳಬಹುದು.

ಎಲ್ಲ ಧರ್ಮದವರಿಗೂ ಅನ್ವಯಿಸುವುದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮು. 2024ರ ಜುಲೈ 1ರವರೆಗೆ ಇದೇ ವಿಷಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಲ್ಲಿತ್ತು. ಹಳೆಯ ತೀರ್ಪುಗಳಲ್ಲಿ ಆ ಸಂಖ್ಯೆಯೇ ಕಾಣುತ್ತದೆ. ಮುಸ್ಲಿಂ ತಂದೆಯೂ ತನ್ನ ಅಪ್ರಾಪ್ತ ಮಕ್ಕಳನ್ನು ಈ ಕಲಮಿನ ಅಡಿಯಲ್ಲಿ ಪೋಷಿಸಲೇಬೇಕು, ವಿಚ್ಛೇದಿತ ತಾಯಿಯ ಕುರಿತ ಪ್ರತ್ಯೇಕ ಕಾನೂನು ಮಕ್ಕಳ ಈ ಹಕ್ಕನ್ನು ಮೊಟಕುಗೊಳಿಸುವುದಿಲ್ಲ ಎಂದು ಸುಪ್ರೀಂ ಕೋರ್ಟು ನೂರ್ ಸಬಾ ಖಾತೂನ್ ಪ್ರಕರಣದಲ್ಲಿ 1997ರಲ್ಲೇ ತೀರ್ಮಾನಿಸಿದೆ. ವಿಚ್ಛೇದನದ ಪ್ರಕರಣ ಈಗಾಗಲೇ ನಡೆಯುತ್ತಿದ್ದರೆ ಹಿಂದೂ ವಿವಾಹ ಅಧಿನಿಯಮದ 26ನೇ ಕಲಮು ಅಥವಾ ವಿಶೇಷ ವಿವಾಹ ಅಧಿನಿಯಮದ 38ನೇ ಕಲಮಿನ ಅಡಿ ಅದೇ ಪ್ರಕರಣದಲ್ಲಿ ಮಗುವಿನ ಪಾಲನೆ ಮತ್ತು ಜೀವನಾಂಶದ ಆದೇಶ ಕೇಳಬಹುದು. ಮನೆಯಲ್ಲಿ ದೌರ್ಜನ್ಯ ನಡೆದಿದ್ದರೆ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಅಧಿನಿಯಮ, 2005ರ 20ನೇ ಕಲಮು ಉಂಟು. ಅದರಲ್ಲಿ ವೈದ್ಯಕೀಯ ವೆಚ್ಚವೂ ಮಕ್ಕಳ ಜೀವನಾಂಶವೂ ಹೆಸರು ಹಿಡಿದು ನಮೂದಾಗಿವೆ.

ಇವುಗಳಲ್ಲಿ ಯಾವುದನ್ನು ಹಿಡಿಯಬೇಕು ಎಂಬುದು ಕೇಳಬೇಕಾದ ಪರಿಹಾರದ ಮೇಲೆ ನಿಂತಿದೆ. 144ನೇ ಕಲಮಿನ ಅರ್ಜಿಗೆ ಖರ್ಚು ಕಡಿಮೆ, ಮಗುವಿನ ತಾಯಿ ವಾಸವಾಗಿರುವ ಜಿಲ್ಲೆಯಲ್ಲೇ ಹಾಕಬಹುದು, ಮಧ್ಯಂತರ ಜೀವನಾಂಶದ (ಪ್ರಕರಣ ಮುಗಿಯುವವರೆಗೆ ಕೊಡಬೇಕಾದ ಜೀವನಾಂಶದ) ಕೋರಿಕೆಯನ್ನು ನೋಟಿಸು ಜಾರಿಯಾದ 60 ದಿನಗಳೊಳಗೆ ಸಾಧ್ಯವಾದಷ್ಟು ಮಟ್ಟಿಗೆ ಇತ್ಯರ್ಥಪಡಿಸಬೇಕೆಂಬ ನಿಯಮವೂ ಇದೆ. ಆದರೆ ಆ ಕಲಮು ಮಾತನಾಡುವುದು ಮಾಸಿಕ ದರದ ಬಗ್ಗೆ. ಮುಂದೆಂದೋ ಬರಬಹುದಾದ ಶಸ್ತ್ರಚಿಕಿತ್ಸೆಯ ಬಿಲ್ಲನ್ನು ಹಂಚಿಕೊಳ್ಳಬೇಕು, ವಿಮೆಯಲ್ಲಿ ಮಗುವಿನ ಹೆಸರನ್ನು ಉಳಿಸಬೇಕು ಎಂಬಂಥ ನಿರ್ದೇಶನಗಳಿಗೆ ಹಿಂದೂ ವಿವಾಹ ಅಧಿನಿಯಮದ 26ನೇ ಕಲಮು, 1956ರ ಕಾಯ್ದೆ ಅಥವಾ 2005ರ ಕಾಯ್ದೆ ಹೆಚ್ಚು ಗಟ್ಟಿಯಾದ ನೆಲ. ನನ್ನ ಅಭಿಪ್ರಾಯದಲ್ಲಿ 144ರ ಅರ್ಜಿ ಹಾಕುವವರು ವಾರ್ಷಿಕ ವಿಮಾ ಕಂತಿನ ಹನ್ನೆರಡನೇ ಒಂದು ಭಾಗವನ್ನೂ ಮಾಮೂಲಿ ಔಷಧದ ಖರ್ಚನ್ನೂ ಮಾಸಿಕ ಮೊತ್ತದೊಳಗೆ ಲೆಕ್ಕ ತೋರಿಸಿ ಸೇರಿಸಬೇಕು, ಉಳಿದ ನಿರ್ದೇಶನಗಳನ್ನು ಇನ್ನೊಂದು ಪ್ರಕರಣದಲ್ಲಿ ಕೇಳಬೇಕು. ಎರಡು ಕಡೆ ಕೇಳುವುದಕ್ಕೆ ಅಡ್ಡಿಯಿಲ್ಲ. ಒಂದು ಕಡೆ ಸಿಕ್ಕಿದ್ದನ್ನು ಇನ್ನೊಂದು ಕಡೆ ಮುಚ್ಚಿಡಬಾರದು ಅಷ್ಟೆ. ಹಿಂದಿನ ಆದೇಶದ ಮೊತ್ತವನ್ನು ಎರಡನೆಯ ನ್ಯಾಯಾಲಯ ಹೊಂದಾಣಿಕೆ ಮಾಡಿಕೊಳ್ಳುತ್ತದೆ.

ವಕೀಲರ ಶುಲ್ಕಕ್ಕೆ ಹಣವಿಲ್ಲ ಎಂಬ ಕಾರಣಕ್ಕೆ ಯಾರೂ ಹಿಂಜರಿಯಬೇಕಾಗಿಲ್ಲ. ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ, 1987ರ 12ನೇ ಕಲಮಿನಂತೆ ಮಹಿಳೆಯರಿಗೂ ಮಕ್ಕಳಿಗೂ ಆದಾಯದ ಮಿತಿಯನ್ನು ನೋಡದೆ ಉಚಿತ ವಕೀಲರ ನೆರವು ಸಿಗಬೇಕು. ಜಿಲ್ಲಾ ಮತ್ತು ತಾಲ್ಲೂಕು ನ್ಯಾಯಾಲಯಗಳ ಆವರಣದಲ್ಲೇ ಕಾನೂನು ಸೇವಾ ಕಚೇರಿ ಇರುತ್ತದೆ. ಸಹಾಯವಾಣಿಯ ಸಂಖ್ಯೆ 15100.

ಖರ್ಚನ್ನು ಮೂರು ಬಗೆಯಾಗಿ ವಿಂಗಡಿಸಿ

ಅರ್ಜಿ ಬರೆಯುವ ಮುನ್ನ ಮಗುವಿನ ಕಳೆದ ಒಂದೆರಡು ವರ್ಷಗಳ ಆರೋಗ್ಯದ ಖರ್ಚನ್ನು ಕಾಗದದ ಮೇಲೆ ಇಳಿಸುವುದು ಮೊದಲ ಕೆಲಸ. ಮೊದಲನೆಯ ಬಗೆ ತಿಂಗಳು ತಿಂಗಳೂ ಬರುವಂಥದ್ದು: ಮಕ್ಕಳ ವೈದ್ಯರ ಶುಲ್ಕ, ಲಸಿಕೆ, ಕನ್ನಡಕ, ಹಲ್ಲಿನ ಚಿಕಿತ್ಸೆ, ಉಬ್ಬಸವಿರುವ ಮಗುವಿಗೆ ಇನ್ಹೇಲರ್, ಟೈಪ್-1 ಮಧುಮೇಹವಿರುವ ಮಗುವಿಗೆ ಇನ್ಸುಲಿನ್ ಮತ್ತು ರಕ್ತಪರೀಕ್ಷೆಯ ಪಟ್ಟಿಗಳು, ಮಾತು ತಡವಾದ ಮಗುವಿಗೆ ಸ್ಪೀಚ್ ಥೆರಪಿ. ನಮ್ಮ ಆರೋಗ್ಯ ವಿಮೆಗಳು ಸಾಮಾನ್ಯವಾಗಿ ಆಸ್ಪತ್ರೆಯಲ್ಲಿ ಒಳರೋಗಿಯಾಗಿ ದಾಖಲಾದ ಖರ್ಚನ್ನೂ ಒಂದೇ ದಿನದಲ್ಲಿ ಮುಗಿಯುವ ನಿಗದಿತ ಡೇ ಕೇರ್ ಚಿಕಿತ್ಸೆಗಳನ್ನೂ ಭರಿಸುತ್ತವೆಯೇ ಹೊರತು ಹೊರರೋಗಿ ವಿಭಾಗದ ಈ ಖರ್ಚುಗಳನ್ನು ಭರಿಸುವುದಿಲ್ಲ. ವಿಮೆ ಇದೆಯೆಂಬ ಒಂದೇ ಮಾತಿನಿಂದ ಎದುರು ಪಕ್ಷದವರು ಈ ಭಾಗವನ್ನು ತಳ್ಳಿಹಾಕಲು ಯತ್ನಿಸಿದಾಗ ಉತ್ತರಿಸಲು ಈ ವಿಂಗಡಣೆ ಬೇಕಾಗುತ್ತದೆ.

ಎರಡನೆಯ ಬಗೆ ವಿಮಾ ಕಂತು. ಮೂರನೆಯದು ಹೇಳದೆ ಕೇಳದೆ ಬರುವ ದೊಡ್ಡ ಖರ್ಚು. ಅದರಲ್ಲಿ ವಿಮೆ ಕೊಡದೆ ಉಳಿಸಿದ ಭಾಗ, ಅಂದರೆ ಕೊಠಡಿ ಬಾಡಿಗೆಯ ಮಿತಿ ಮೀರಿದ ಮೊತ್ತ, ಸಹಪಾವತಿ (ಬಿಲ್ಲಿನಲ್ಲಿ ವಿಮೆ ಪಡೆದವರೇ ಕಟ್ಟಬೇಕಾದ ಪಾಲು), ಕೈಗವಸು ಸಿರಿಂಜಿನಂಥ ಸಾಮಗ್ರಿಗಳ ಬಿಲ್ಲು ಮೊದಲಾದವು ಸೇರುತ್ತವೆ. ಈ ಮೂರಕ್ಕೂ ಬೇರೆ ಬೇರೆ ಸಾಲಿನಲ್ಲಿ ಪರಿಹಾರ ಕೇಳಬೇಕೆಂಬುದೇ ಇಡೀ ಕೆಲಸದ ತಿರುಳು. ಒಂದೇ ಮೊತ್ತದೊಳಗೆ ಮೂರನ್ನೂ ತುಂಬಿದರೆ ಮೂರನೆಯದಕ್ಕೆ ಎಂದೂ ಹಣ ಉಳಿಯುವುದಿಲ್ಲ.

ಪ್ರಮಾಣಪತ್ರದಲ್ಲಿ ಏನಿರಬೇಕು

ಜೀವನಾಂಶದ ಪ್ರಕರಣಗಳಿಗೆಲ್ಲ ಈಗ ಅಡಿಪಾಯವಾಗಿರುವುದು ರಜನೇಶ್ ವಿರುದ್ಧ ನೇಹಾ ಪ್ರಕರಣದಲ್ಲಿ 2020ರ ನವೆಂಬರ್ 4ರಂದು ಸುಪ್ರೀಂ ಕೋರ್ಟು ಕೊಟ್ಟ ತೀರ್ಪು. ಗಂಡ ಹೆಂಡತಿ ಇಬ್ಬರೂ ಆಸ್ತಿ ಮತ್ತು ಹೊಣೆಗಳ ಪ್ರಮಾಣಪತ್ರವನ್ನು (ಅಫಿಡವಿಟ್) ನಿಗದಿತ ನಮೂನೆಯಲ್ಲಿ ಸಲ್ಲಿಸಲೇಬೇಕು, ಎದುರುದಾರರಿಗೆ ಅದಕ್ಕೆ ನಾಲ್ಕು ವಾರಗಳ ಅವಧಿ, ಪ್ರಮಾಣಪತ್ರಗಳು ಬಂದ ನಾಲ್ಕರಿಂದ ಆರು ತಿಂಗಳೊಳಗೆ ಮಧ್ಯಂತರ ಜೀವನಾಂಶ ತೀರ್ಮಾನವಾಗಬೇಕು, ಜೀವನಾಂಶವು ಅರ್ಜಿ ಸಲ್ಲಿಸಿದ ದಿನದಿಂದಲೇ ಲೆಕ್ಕವಾಗಬೇಕು ಎಂದು ಆ ತೀರ್ಪು ಹೇಳುತ್ತದೆ. ಮಗುವಿನ ಖರ್ಚಿನಲ್ಲಿ ವೈದ್ಯಕೀಯ ವೆಚ್ಚವನ್ನು ಸೇರಿಸಬೇಕೆಂದೂ, ನಿರಂತರ ಆರೈಕೆ ಬೇಕಾದ ಕಾಯಿಲೆ ಅಥವಾ ಅಂಗವೈಕಲ್ಯವನ್ನು ಪ್ರತ್ಯೇಕವಾಗಿ ಗಮನಿಸಬೇಕೆಂದೂ ಅದರಲ್ಲಿದೆ. ಬೇಸಾಯದ ಆದಾಯದವರಿಗೆ ಬೇರೆಯೇ ನಮೂನೆಯಿದೆ. ಹಳ್ಳಿಯ ಪ್ರಕರಣಗಳಲ್ಲಿ ಪಟ್ಟಣದ ನಮೂನೆಯನ್ನು ತುಂಬಿ ಕೊಡುವುದು ಸರಿಯಲ್ಲ, ಏಕೆಂದರೆ ಪಹಣಿ, ಬೆಳೆ, ಜಾನುವಾರುಗಳ ವಿವರಕ್ಕೆ ಅದರಲ್ಲಿ ಸರಿಯಾದ ಜಾಗವಿಲ್ಲ.

ಈ ನಮೂನೆಯಲ್ಲಿ ಮಕ್ಕಳ ಕುರಿತ ಭಾಗವೂ ವೈದ್ಯಕೀಯ ವಿವರಗಳ ಭಾಗವೂ ಇವೆ. ಅವನ್ನು ಖಾಲಿ ಬಿಡುವುದು ಅಥವಾ ಅನ್ವಯಿಸುವುದಿಲ್ಲ ಎಂದು ಬರೆಯುವುದು ಮಗುವಿಗೆ ಮಾಡುವ ಅನ್ಯಾಯ. ಮಗುವಿಗೆ ಇರುವ ತೊಂದರೆಯ ಹೆಸರು, ನೋಡುತ್ತಿರುವ ವೈದ್ಯರ ವಿಭಾಗ, ತಿಂಗಳ ಸರಾಸರಿ ಖರ್ಚು, ಮುಂದೆ ಬೇಕಾಗಬಹುದೆಂದು ವೈದ್ಯರು ಬರೆದುಕೊಟ್ಟ ಚಿಕಿತ್ಸೆ ಇಷ್ಟನ್ನೂ ಅಲ್ಲಿ ನಮೂದಿಸಿ, ತಾಯಿ ಕಾರ್ಡಿನ ಲಸಿಕೆಯ ಪುಟ, ಔಷಧ ಚೀಟಿಗಳು, ಔಷಧದಂಗಡಿಯ ಬಿಲ್ಲುಗಳು, ಲ್ಯಾಬ್ ವರದಿಗಳು, ಡಿಸ್ಚಾರ್ಜ್ ಸಾರಾಂಶ ಇವುಗಳ ಪ್ರತಿಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಬೇಕು. ಅಂಗವೈಕಲ್ಯವಿದ್ದರೆ ಯುಡಿಐಡಿ ಕಾರ್ಡಿನ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಯ) ಪ್ರತಿ ಅತ್ಯಗತ್ಯ. ಪ್ರತಿಯೊಂದು ಬಿಲ್ಲನ್ನು ರುಜುವಾತುಪಡಿಸಲು ವೈದ್ಯರನ್ನೇ ಸಾಕ್ಷಿಯಾಗಿ ಕರೆಸಬೇಕೇ ಎಂಬ ಭಯ ಹಲವರಿಗಿದೆ. ಕೌಟುಂಬಿಕ ನ್ಯಾಯಾಲಯಗಳ ಅಧಿನಿಯಮ, 1984ರ 14ನೇ ಕಲಮಿನಂತೆ ವಿವಾದದ ಇತ್ಯರ್ಥಕ್ಕೆ ನೆರವಾಗುವ ಯಾವುದೇ ವರದಿ, ಹೇಳಿಕೆ ಅಥವಾ ದಾಖಲೆಯನ್ನು, ಸಾಕ್ಷ್ಯದ ಕಾನೂನಿನ ಕಟ್ಟುಪಾಡನ್ನು ಮೀರಿಯೂ, ನ್ಯಾಯಾಲಯ ಸ್ವೀಕರಿಸಬಹುದು. 12ನೇ ಕಲಮಿನಂತೆ ವೈದ್ಯಕೀಯ ತಜ್ಞರ ಸಲಹೆಯನ್ನೂ ಪಡೆಯಬಹುದು. ಆಟಿಸಂ, ಸೆರೆಬ್ರಲ್ ಪಾಲ್ಸಿಯಂಥ ಸ್ಥಿತಿಗಳಲ್ಲಿ ಥೆರಪಿ ನಿಜವಾಗಿ ಬೇಕೇ ಎಂಬ ತಕರಾರು ಬಂದಾಗ ಈ 12ನೇ ಕಲಮನ್ನು ನೆನಪಿಸುವ ಮೆಮೊ ಹಾಕುವುದು ಒಳ್ಳೆಯದು.

ತಂದೆಯ ವಿಮೆಯ ವಿವರ ತೆಗೆಸುವುದು

ಕಂಪನಿಯಲ್ಲಿ ಕೆಲಸ ಮಾಡುವ ತಂದೆಗೆ ಸಾಮಾನ್ಯವಾಗಿ ಗುಂಪು ವಿಮೆ ಇರುತ್ತದೆ, ಅದರಲ್ಲಿ ಹೆಂಡತಿ ಮಕ್ಕಳ ಹೆಸರೂ ಇರುತ್ತದೆ. ವಿಚ್ಛೇದನವಾದ ಮೇಲೆ ಹೆಂಡತಿ ಆ ವಿಮೆಯ ಕುಟುಂಬದಿಂದ ಹೊರಬರುತ್ತಾಳೆ. ಮಗು ಹೊರಬರುವುದಿಲ್ಲ, ಏಕೆಂದರೆ ಮದುವೆ ಮುರಿದರೂ ಅದು ಆತನ ಮಗುವೇ. ಇದನ್ನು ಅರಿಯದೆ ಅಥವಾ ಅರಿತೂ ಇಬ್ಬರ ಹೆಸರನ್ನೂ ಒಟ್ಟಿಗೇ ತೆಗೆಸಿಹಾಕುವವರಿದ್ದಾರೆ. ಆದ್ದರಿಂದ ಮಧ್ಯಂತರ ಅರ್ಜಿಯಲ್ಲೇ, ನ್ಯಾಯಾಲಯದ ಅನುಮತಿಯಿಲ್ಲದೆ ಮಗುವಿನ ಹೆಸರನ್ನು ಯಾವ ವಿಮೆಯಿಂದಲೂ ತೆಗೆಯಬಾರದು ಎಂಬ ನಿರ್ದೇಶನ ಕೇಳಬೇಕು.

ವಿಮೆಯೇ ಇಲ್ಲ ಎಂದು ತಂದೆ ಹೇಳಿದರೆ ಸಂಬಳದ ಚೀಟಿಯನ್ನು ನೋಡಿ. ತನ್ನ ತಂದೆತಾಯಿಯರನ್ನು ವಿಮೆಗೆ ಸೇರಿಸಿಕೊಂಡದ್ದಕ್ಕೆ ಕಂತು ಕಡಿತವಾಗಿದ್ದರೆ ಗುಂಪು ವಿಮೆ ಇದೆಯೆಂದೇ ಅರ್ಥ. ಸಿವಿಲ್ ಪ್ರಕ್ರಿಯಾ ಸಂಹಿತೆಯ 11ನೇ ಆದೇಶದಡಿ ಪ್ರಶ್ನಾವಳಿ ಮತ್ತು ದಾಖಲೆ ಹಾಜರುಪಡಿಸುವ ಅರ್ಜಿ ಹಾಕಿ ವಿಮಾ ಪ್ರಮಾಣಪತ್ರ, ಇ-ಕಾರ್ಡು, ವಿಮಾ ಮೊತ್ತ, ಟಿಪಿಎ (ವಿಮಾ ಕಂಪನಿಯ ಪರವಾಗಿ ಕ್ಲೇಮು ನೋಡಿಕೊಳ್ಳುವ ಸಂಸ್ಥೆ) ಹೆಸರು, ನವೀಕರಣದ ದಿನಾಂಕ ಇವನ್ನು ಕೇಳಬಹುದು.

ಗುಂಪು ವಿಮೆಯ ದೌರ್ಬಲ್ಯವನ್ನೂ ತಿಳಿದಿರಬೇಕು. ಕೆಲಸ ಬಿಟ್ಟ ದಿನ ಅದು ಮುಗಿಯುತ್ತದೆ. ಆಸ್ಪತ್ರೆಯ ಬಿಲ್ಲನ್ನು ತಾಯಿ ಕೈಯಿಂದ ಕಟ್ಟಿದರೂ ಮರುಪಾವತಿಯ ಹಣ ಬರುವುದು ನೌಕರನಾದ ತಂದೆಯ ಖಾತೆಗೆ. ಈ ಎರಡನೆಯ ತೊಡಕು ಅನೇಕ ತಾಯಂದಿರಿಗೆ ಗೊತ್ತಾಗುವುದು ಬಿಲ್ಲು ಕಟ್ಟಿದ ಮೇಲೆಯೇ, ಆ ಹೊತ್ತಿಗೆ ಕೈಮೀರಿರುತ್ತದೆ. ಹೀಗಾಗಿ ತಾಯಿಯ ಹೆಸರಿನಲ್ಲೇ, ಒಬ್ಬ ವಯಸ್ಕ ಮತ್ತು ಮಗು ಇರುವ ಫ್ಯಾಮಿಲಿ ಫ್ಲೋಟರ್ (ಒಂದೇ ವಿಮಾ ಮೊತ್ತವನ್ನು ಕುಟುಂಬದವರೆಲ್ಲ ಬಳಸುವ) ಪಾಲಿಸಿ ತೆಗೆದು ಅದರ ಕಂತನ್ನು ತಂದೆ ಕೊಡುವಂತೆ ಆದೇಶ ಪಡೆಯುವುದು ನನಗೆ ಹೆಚ್ಚು ಸುರಕ್ಷಿತವಾಗಿ ಕಾಣುತ್ತದೆ. ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲಿನ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ತೆಗೆದುಹಾಕಿರುವುದರಿಂದ ಈ ಹೊರೆ ಸ್ವಲ್ಪ ಇಳಿದಿದೆ.

ಹೊಸ ಪಾಲಿಸಿ ತೆಗೆದೊಡನೆ ಹಳೆಯದನ್ನು ಬಿಡಬಾರದು. ಮಗುವಿಗೆ ಮೊದಲೇ ಇರುವ ಕಾಯಿಲೆಗೆ ಹೊಸ ಪಾಲಿಸಿಯಲ್ಲಿ ಕಾಯುವ ಅವಧಿ ಇರುತ್ತದೆ; ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2024ರಲ್ಲಿ ಇದರ ಗರಿಷ್ಠ ಮಿತಿಯನ್ನು 48 ತಿಂಗಳಿಂದ 36 ತಿಂಗಳಿಗೆ ಇಳಿಸಿತು. ಆ ಅವಧಿ ಮುಗಿಯುವವರೆಗಾದರೂ ತಂದೆಯ ಗುಂಪು ವಿಮೆಯಲ್ಲಿ ಮಗುವಿನ ಹೆಸರು ಇರಲೇಬೇಕು. ಪಾಲಿಸಿ ತೆಗೆಯುವಾಗ ಮಗುವಿನ ಕಾಯಿಲೆಯನ್ನು ಮುಚ್ಚಿಡದೆ ಬರೆಯಬೇಕು. ಸತತ 60 ತಿಂಗಳು ಕಂತು ಕಟ್ಟಿದ ಮೇಲೆ ವಂಚನೆಯೊಂದನ್ನು ಬಿಟ್ಟು ಬೇರೆ ಮರೆಮಾಚುವಿಕೆಯ ಕಾರಣಕ್ಕೆ ಕಂಪನಿ ಕ್ಲೇಮನ್ನು ನಿರಾಕರಿಸುವಂತಿಲ್ಲವಾದರೂ, ಅಲ್ಲಿಯವರೆಗೆ ಮುಚ್ಚಿಟ್ಟ ಒಂದು ಸಾಲು ಇಡೀ ರಕ್ಷಣೆಯನ್ನು ಕಳೆಯಬಲ್ಲದು. ವಾರ್ಷಿಕ ಕಂತಿಗೆ 30 ದಿನ, ಮಾಸಿಕ ಕಂತಿಗೆ 15 ದಿನ ಹೆಚ್ಚುವರಿ ಅವಧಿ ಇರುತ್ತದೆ. ಅದೂ ಮೀರಿದರೆ ಇಷ್ಟು ವರ್ಷ ಸವೆಸಿದ ಕಾಯುವ ಅವಧಿಯ ಲಾಭ ನಷ್ಟವಾಗುತ್ತದೆ. ಆದ್ದರಿಂದ ಕಂತಿನ ಹಣ ನವೀಕರಣದ ದಿನಾಂಕಕ್ಕಿಂತ ಸಾಕಷ್ಟು ಮೊದಲೇ ಕೈಸೇರುವಂತೆ ದಿನಾಂಕ ನಿಗದಿಪಡಿಸಿ ಕೇಳಬೇಕು.

ಕೋರಿಕೆಯನ್ನು ಬರೆಯುವ ಬಗೆ

ಅರ್ಜಿಯ ಕೊನೆಯ ಕೋರಿಕೆಯ ಭಾಗದಲ್ಲಿ ಜೀವನಾಂಶದ ಮಾಸಿಕ ಮೊತ್ತದ ನಂತರ ಈ ಅರ್ಥದ ಸಾಲುಗಳು ಬರಬೇಕು. ಅವುಗಳನ್ನು ಪ್ರಕರಣಕ್ಕೆ ತಕ್ಕಂತೆ ವಕೀಲರು ತಿದ್ದಿಕೊಳ್ಳಬಹುದು.

“ಪ್ರತಿವಾದಿಯು ಅಪ್ರಾಪ್ತ ಮಗುವಿನ ನಿಯತ ವೈದ್ಯಕೀಯ ವೆಚ್ಚಕ್ಕಾಗಿ ಮಾಸಿಕ ರೂ. —— ಅನ್ನು ಜೀವನಾಂಶದ ಜೊತೆಗೆ ಪ್ರತ್ಯೇಕವಾಗಿ ಪಾವತಿಸತಕ್ಕದ್ದು. ತನ್ನ ಉದ್ಯೋಗದಾತರ ಮೂಲಕ ದೊರೆಯುವ ಆರೋಗ್ಯ ವಿಮೆಯಲ್ಲಿ ಮಗುವಿನ ಹೆಸರನ್ನು ಮುಂದುವರಿಸತಕ್ಕದ್ದು ಮತ್ತು ಆದೇಶದ ದಿನದಿಂದ 15 ದಿನಗಳೊಳಗೆ ಇ-ಕಾರ್ಡು ಹಾಗೂ ಪಾಲಿಸಿಯ ವಿವರಗಳನ್ನು ಅರ್ಜಿದಾರರಿಗೆ ಒಪ್ಪಿಸತಕ್ಕದ್ದು. ಅರ್ಜಿದಾರರು ಮಗುವಿಗಾಗಿ ತೆಗೆಯುವ ಪ್ರತ್ಯೇಕ ಪಾಲಿಸಿಯ ವಾರ್ಷಿಕ ಕಂತನ್ನು ನವೀಕರಣದ 30 ದಿನ ಮೊದಲು ಪಾವತಿಸತಕ್ಕದ್ದು. ಅರ್ಜಿದಾರರು ಪಾವತಿಸಿದ ಬಿಲ್ಲಿಗೆ ಸಂಬಂಧಿಸಿ ತನ್ನ ಖಾತೆಗೆ ಬಂದ ವಿಮಾ ಮೊತ್ತವನ್ನು ಏಳು ದಿನಗಳೊಳಗೆ ಅರ್ಜಿದಾರರ ಖಾತೆಗೆ ವರ್ಗಾಯಿಸತಕ್ಕದ್ದು. ವಿಮೆಯಿಂದ ಭರಿಸಲಾಗದ ವೆಚ್ಚದ ಶೇ. —— ಭಾಗವನ್ನು ಬಿಲ್ಲಿನ ಪ್ರತಿ ತಲುಪಿದ 15 ದಿನಗಳೊಳಗೆ ಪಾವತಿಸತಕ್ಕದ್ದು. ಉದ್ಯೋಗ ಅಥವಾ ವಿಮೆ ಬದಲಾದಲ್ಲಿ ಏಳು ದಿನಗಳೊಳಗೆ ಲಿಖಿತವಾಗಿ ತಿಳಿಸತಕ್ಕದ್ದು. ತುರ್ತು ಸಂದರ್ಭದಲ್ಲಿ ಮಗುವಿನ ಚಿಕಿತ್ಸೆಗೆ ಒಪ್ಪಿಗೆಯ ಸಹಿ ಹಾಕಲು ಅರ್ಜಿದಾರರೊಬ್ಬರೇ ಅಧಿಕಾರ ಹೊಂದಿರತಕ್ಕದ್ದು.”

ಕೊನೆಯ ಸಾಲನ್ನು ಹೆಚ್ಚಿನ ಮಾತೆಂದು ಬಿಡಬಾರದು. ಪಾಲನೆಯ ವಿವಾದ ನಡೆಯುತ್ತಿರುವಾಗ ಇನ್ನೊಬ್ಬ ಪೋಷಕರ ಸಹಿಯೂ ಬೇಕೆಂದು ಆಸ್ಪತ್ರೆಯವರು ಕೇಳಿದರೆ, ಆದೇಶದ ದೃಢೀಕೃತ ಪ್ರತಿಯನ್ನು ತೋರಿಸುವುದು ಬಿಟ್ಟು ಬೇರೆ ದಾರಿ ಇರುವುದಿಲ್ಲ.

ಹಂಚಿಕೆಯ ಪ್ರಮಾಣವನ್ನು ಇಬ್ಬರ ಆದಾಯದ ಅನುಪಾತದಲ್ಲಿ ಕೇಳುವುದು ನ್ಯಾಯಾಲಯಕ್ಕೆ ಒಪ್ಪಿಗೆಯಾಗುವ ಮಾರ್ಗ. ತಂದೆಯ ತಿಂಗಳ ಸಂಬಳ 90,000 ರೂಪಾಯಿ, ತಾಯಿಯದು 30,000 ರೂಪಾಯಿ ಎಂದಿಟ್ಟುಕೊಂಡರೆ ಅನುಪಾತ ಮೂರಕ್ಕೆ ಒಂದು. ಆಸ್ಪತ್ರೆಯ ಬಿಲ್ಲು 1,60,000 ರೂಪಾಯಿ ಆಗಿ ವಿಮೆ 1,20,000 ರೂಪಾಯಿ ಕೊಟ್ಟರೆ ಉಳಿದ 40,000 ರೂಪಾಯಿಯಲ್ಲಿ ತಂದೆಯ ಪಾಲು 30,000, ತಾಯಿಯ ಪಾಲು 10,000. ತಾಯಿಗೆ ಆದಾಯವೇ ಇಲ್ಲದಿದ್ದರೆ ಪೂರ್ಣ ಮೊತ್ತವನ್ನು ತಂದೆಯಿಂದಲೇ ಕೇಳಬೇಕು, ಸಂಕೋಚಪಟ್ಟು ಅರ್ಧಕ್ಕೆ ಇಳಿಯುವ ಅಗತ್ಯವಿಲ್ಲ.

ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ ಈ ಎಲ್ಲ ಸಾಲುಗಳನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಲು ಅತ್ಯಂತ ಒಳ್ಳೆಯ ಅವಕಾಶ ಇರುತ್ತದೆ. ದುರದೃಷ್ಟವಶಾತ್, ಬೇಗ ಮುಗಿದರೆ ಸಾಕೆಂಬ ದಣಿವಿನಲ್ಲಿ ಅದೇ ಹೊತ್ತಿನಲ್ಲಿ ಮಗುವಿನ ಪಾಲನ್ನು ಬಿಟ್ಟುಕೊಟ್ಟು ಸಹಿ ಹಾಕುವುದೂ ಉಂಟು. ಹಾಗೆ ಸಹಿ ಹಾಕಿದವರು ಎದೆಗುಂದಬಾರದು. ಜೀವನಾಂಶ ಮಗುವಿನ ಸ್ವಂತ ಹಕ್ಕು, ತಾಯಿ ತನ್ನದನ್ನು ಬಿಡಬಹುದೇ ಹೊರತು ಮಗುವಿನದನ್ನು ಬಿಡಲಾರಳು. ಅಪ್ರಾಪ್ತರ ಪರವಾಗಿ ನ್ಯಾಯಾಲಯದ ಅನುಮತಿಯಿಲ್ಲದೆ ಮಾಡಿಕೊಂಡ ರಾಜಿ ಅವರನ್ನು ಕಟ್ಟಿಹಾಕುವುದಿಲ್ಲ ಎಂಬುದು ಸಿವಿಲ್ ಪ್ರಕ್ರಿಯಾ ಸಂಹಿತೆಯ 32ನೇ ಆದೇಶದ 7ನೇ ನಿಯಮದ ಅರ್ಥ. ಮಗುವಿನ ಹೆಸರಿನಲ್ಲಿ ಹೊಸ ಅರ್ಜಿ ಹಾಕಲು ದಾರಿ ತೆರೆದೇ ಇದೆ.

ಸರ್ಕಾರಿ ಯೋಜನೆಗಳು ಮತ್ತು ಇಎಸ್‌ಐ

ತಂದೆಯ ಸಂಬಳ ತಿಂಗಳಿಗೆ 21,000 ರೂಪಾಯಿಯೊಳಗಿದ್ದು ಕಾರ್ಖಾನೆ ಅಥವಾ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದರೆ ಆತ ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಯಲ್ಲಿರುವ ಸಾಧ್ಯತೆ ಹೆಚ್ಚು. ಅವಲಂಬಿತ ಅಪ್ರಾಪ್ತ ಮಗು ಇಎಸ್‌ಐ ವ್ಯವಸ್ಥೆಯಲ್ಲಿ ಕುಟುಂಬದ ಸದಸ್ಯ. ಮಗು ಬೇರೆ ಊರಿನಲ್ಲಿದ್ದರೆ ಅಲ್ಲಿನ ಚಿಕಿತ್ಸಾಲಯಕ್ಕೆ ಅದರ ಹೆಸರನ್ನು ಜೋಡಿಸಲು ವಿಮೆ ಪಡೆದ ತಂದೆಯೇ ಕೋರಬೇಕಾಗುವುದರಿಂದ, ಆತ ಹಾಗೆ ಮಾಡಬೇಕೆಂಬ ನಿರ್ದೇಶನವನ್ನು ಆದೇಶದಲ್ಲಿ ಕೇಳಬೇಕು. ಸರ್ಕಾರಿ ನೌಕರರಾದ ತಂದೆಯ ವಿಷಯದಲ್ಲಿಯೂ ಇಲಾಖೆಯ ವೈದ್ಯಕೀಯ ಸೌಲಭ್ಯದ ದಾಖಲೆಗಳಲ್ಲಿ ಮಗುವಿನ ಹೆಸರು ಉಳಿದಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಉಚಿತ; ಎಪಿಎಲ್ ಕುಟುಂಬಕ್ಕೆ ಪ್ಯಾಕೇಜು ದರದ ಶೇ. 30ರಷ್ಟನ್ನು, ವರ್ಷಕ್ಕೆ 1.5 ಲಕ್ಷ ರೂಪಾಯಿ ಮಿತಿಯೊಳಗೆ, ಸರ್ಕಾರ ಭರಿಸುತ್ತದೆ. ಇದಕ್ಕೆ ಪಡಿತರ ಚೀಟಿಯೇ ಆಧಾರವಾದ್ದರಿಂದ, ಮಗುವಿನ ಹೆಸರು ತಂದೆಯ ಮನೆಯ ಚೀಟಿಯಲ್ಲೇ ಉಳಿದಿದ್ದರೆ ಅದನ್ನು ತೆಗೆಸಿ ತಾಯಿಯ ಚೀಟಿಗೆ ಸೇರಿಸುವ ಕೆಲಸವನ್ನು ಕಾಯಿಲೆ ಬರುವ ಮುನ್ನವೇ ಮುಗಿಸಬೇಕು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಥವಾ ಬಹುವಿಧ ಅಂಗವೈಕಲ್ಯವಿರುವ ಮಕ್ಕಳಿಗೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆ 1 ಲಕ್ಷ ರೂಪಾಯಿವರೆಗೆ ರಕ್ಷಣೆ ಕೊಡುತ್ತದೆ. ಖಾಸಗಿ ವಿಮೆಗಳು ಕೊಡದ ಹೊರರೋಗಿ ಚಿಕಿತ್ಸೆ ಮತ್ತು ಥೆರಪಿಯ ಖರ್ಚು ಇದರಲ್ಲಿ ಸೇರಿರುವುದು ದೊಡ್ಡ ಅನುಕೂಲ. ಇವೆಲ್ಲ ಇವೆಯೆಂದು ತಂದೆಯ ಹೊಣೆ ತಪ್ಪುವುದಿಲ್ಲ. ಸರ್ಕಾರ ಕೊಡುವುದು ಮಗುವಿನ ಕಷ್ಟಕ್ಕೆ ಒದಗುವ ನೆರವು, ತಂದೆಯ ಸಾಲಕ್ಕೆ ರಿಯಾಯಿತಿಯಲ್ಲ ಎಂದು ವಾದದಲ್ಲಿ ಸ್ಪಷ್ಟವಾಗಿ ಹೇಳಬೇಕು.

ತಂದೆ ಹೊರದೇಶದಲ್ಲಿದ್ದರೆ

ಅಮೆರಿಕದಲ್ಲಿ ಮಕ್ಕಳ ಜೀವನಾಂಶದ ಆದೇಶದ ಜೊತೆಗೆ ಆರೋಗ್ಯ ವಿಮೆಯ ನಿರ್ದೇಶನವೂ ಹೊರಡುವ ವ್ಯವಸ್ಥೆ ಇದೆ. 1993ರ ತಿದ್ದುಪಡಿಯ ನಂತರ ಅಲ್ಲಿನ ಉದ್ಯೋಗದಾತರ ವಿಮೆಯು, ಮಗು ನೌಕರನ ಜೊತೆ ವಾಸವಿಲ್ಲ ಎಂಬ ಕಾರಣಕ್ಕೆ ಹೆಸರು ಸೇರಿಸಲು ನಿರಾಕರಿಸುವಂತಿಲ್ಲ. ನ್ಯಾಷನಲ್ ಮೆಡಿಕಲ್ ಸಪೋರ್ಟ್ ನೋಟಿಸ್ ಎಂಬ ನಮೂನೆ ಜೀವನಾಂಶದ ಇಲಾಖೆಯಿಂದ ನೇರವಾಗಿ ಉದ್ಯೋಗದಾತರಿಗೆ ಹೋಗುತ್ತದೆ, ಅವರು ಅದನ್ನು 20 ಕೆಲಸದ ದಿನಗಳೊಳಗೆ ವಿಮಾ ಯೋಜನೆಗೆ ತಲುಪಿಸಬೇಕು. ಅಲ್ಲೇ ಮಗುವಿನೊಂದಿಗೆ ನೆಲೆಸಿರುವ ಕನ್ನಡಿಗ ತಾಯಂದಿರು ತಮ್ಮ ರಾಜ್ಯದ ಜೀವನಾಂಶ ಕಚೇರಿಯಲ್ಲಿ ಈ ನೋಟಿಸನ್ನು ಕೇಳಬೇಕು. ನಮ್ಮಲ್ಲಿ ಅಂಥ ಸಿದ್ಧ ನಮೂನೆ ಇಲ್ಲದಿರುವುದರಿಂದಲೇ ಮೇಲೆ ಹೇಳಿದ ಪ್ರತಿಯೊಂದು ಸಾಲನ್ನೂ ಅರ್ಜಿಯಲ್ಲಿ ಕೈಯಾರೆ ಬರೆಯಬೇಕಾಗಿದೆ. ಮಗು ಕರ್ನಾಟಕದಲ್ಲಿದ್ದು ತಂದೆ ಅಲ್ಲಿದ್ದರೆ ಆ ದೇಶದ ವಿಮೆಯನ್ನು ನೆಚ್ಚದೆ, ಇಲ್ಲಿಯೇ ತೆಗೆಯುವ ಪಾಲಿಸಿಯ ಕಂತನ್ನು ಕೇಳುವುದು ಉಪಯುಕ್ತ.

ಆದೇಶ ಬಂದ ಮೇಲೆ

ಪ್ರತಿ ಬಿಲ್ಲಿನ ಪ್ರತಿಯನ್ನು ಇಮೇಲ್ ಅಥವಾ ವಾಟ್ಸಾಪಿನಲ್ಲಿ ಕಳುಹಿಸಿ, ದೊಡ್ಡ ಮೊತ್ತವಿದ್ದಾಗ ಸ್ಪೀಡ್ ಪೋಸ್ಟಿನಲ್ಲಿಯೂ ಕಳುಹಿಸಿ ರಸೀದಿ ಇಟ್ಟುಕೊಳ್ಳಬೇಕು. ಹದಿನೈದು ದಿನಗಳ ಗಡುವು ಯಾವಾಗ ಶುರುವಾಯಿತು ಎಂಬುದಕ್ಕೆ ಅದೇ ಸಾಕ್ಷಿ. 144ನೇ ಕಲಮಿನ ಬಾಕಿಗೆ ವಾರಂಟು ಕೇಳುವ ಅರ್ಜಿಯನ್ನು ಆ ಮೊತ್ತ ಬಾಕಿಯಾದ ಒಂದು ವರ್ಷದೊಳಗೆ ಹಾಕಬೇಕು. ಕೊಡುತ್ತಾನೆ, ನೋಡೋಣ ಎಂದು ಕಾಯುತ್ತಾ ವರ್ಷ ದಾಟಿಸಿಬಿಟ್ಟರೆ ಆ ಬಾಕಿಗೆ ವಾರಂಟಿನ ದಾರಿ ಮುಚ್ಚುತ್ತದೆ. ಕಾರಣವಿಲ್ಲದೆ ಕೊಡದವನನ್ನು ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಸೆರೆಯಲ್ಲಿ ಇಡಬಹುದು, ಮತ್ತು ಸೆರೆಯಲ್ಲಿದ್ದ ಮಾತ್ರಕ್ಕೆ ಸಾಲ ತೀರುವುದಿಲ್ಲ ಎಂದು ಸುಪ್ರೀಂ ಕೋರ್ಟು 1989ರಲ್ಲಿ ಕುಲದೀಪ್ ಕೌರ್ ಪ್ರಕರಣದಲ್ಲಿ ಹೇಳಿದೆ.

ಸಂಬಳದಾರನಾದರೆ ಸೆರೆಮನೆಗಿಂತ ಸಂಬಳದ ಜಪ್ತಿಯೇ ಮಗುವಿಗೆ ಹೆಚ್ಚು ಪ್ರಯೋಜನಕಾರಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಂತೆ ಜೀವನಾಂಶದ ಡಿಕ್ರಿಯನ್ನು (ನ್ಯಾಯಾಲಯದ ಅಂತಿಮ ಆದೇಶವನ್ನು) ಜಾರಿಗೊಳಿಸುವಾಗ ಸಂಬಳದ ಮೂರನೇ ಒಂದು ಭಾಗಕ್ಕೆ ಮಾತ್ರ ರಕ್ಷಣೆ, ಉಳಿದ ಮೂರನೇ ಎರಡು ಭಾಗ ಜಪ್ತಿಗೆ ಒಳಪಡುತ್ತದೆ. ಬೇರೆ ಸಾಲಗಳ ಡಿಕ್ರಿಯಲ್ಲಿ ಇಷ್ಟು ದೊಡ್ಡ ಭಾಗ ಸಿಗುವುದಿಲ್ಲ. ಕೌಟುಂಬಿಕ ದೌರ್ಜನ್ಯ ಕಾಯ್ದೆಯ 20ನೇ ಕಲಮಿನ 6ನೇ ಉಪಕಲಮಿನಂತೆ ಮ್ಯಾಜಿಸ್ಟ್ರೇಟರು ಉದ್ಯೋಗದಾತರಿಗೇ ನಿರ್ದೇಶನ ಕೊಟ್ಟು, ಸಂಬಳದ ಒಂದು ಭಾಗ ನೇರವಾಗಿ ಅರ್ಜಿದಾರಳಿಗೆ ಸಂದಾಯವಾಗುವಂತೆ ಮಾಡಬಹುದು. ತಿಂಗಳ ಔಷಧ ತಪ್ಪಬಾರದ ಮಗುವಿದ್ದ ಮನೆಗೆ ಇದಕ್ಕಿಂತ ಭದ್ರವಾದ ದಾರಿ ಕಾನೂನಿನಲ್ಲಿ ಇನ್ನೊಂದು ನನಗೆ ಕಂಡಿಲ್ಲ.

ಆದೇಶವಾದ ನಂತರ ಮಗುವಿಗೆ ಹೊಸ ಕಾಯಿಲೆ ಪತ್ತೆಯಾದರೆ, ಔಷಧದ ದರ ಏರಿದರೆ, ತಂದೆಯ ಸಂಬಳ ಹೆಚ್ಚಿದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 146ನೇ ಕಲಮಿನಡಿ ಮೊತ್ತವನ್ನು ಹೆಚ್ಚಿಸಲು ಕೇಳಬಹುದು. ಹಿಂದೂ ವಿವಾಹ ಅಧಿನಿಯಮದ 26ನೇ ಕಲಮಿನ ಆದೇಶವನ್ನೂ 1956ರ ಕಾಯ್ದೆಯ ಆದೇಶವನ್ನೂ ಹೀಗೆಯೇ ಬದಲಿಸಲು ಅವಕಾಶವಿದೆ. ಅರ್ಜಿಯ ಜೊತೆ ಹಳೆಯ ಖರ್ಚಿನ ಪಟ್ಟಿ ಮತ್ತು ಹೊಸ ಪಟ್ಟಿ ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಬೇಕು.

ಮಗುವಿಗೆ 18 ತುಂಬುವ ಮೊದಲು ಇನ್ನೊಂದು ವಿಷಯವನ್ನು ವಕೀಲರೊಡನೆ ಮಾತಾಡಬೇಕು. ದೈಹಿಕ ಅಥವಾ ಮಾನಸಿಕ ವೈಕಲ್ಯದಿಂದ ತನ್ನನ್ನು ತಾನು ಪೋಷಿಸಿಕೊಳ್ಳಲಾಗದ ಮಗ ಅಥವಾ ಅವಿವಾಹಿತ ಮಗಳು ಪ್ರಾಪ್ತ ವಯಸ್ಸಿನ ನಂತರವೂ 144ನೇ ಕಲಮಿನಡಿ ಹಕ್ಕುದಾರರು. ಅಂಥ ವೈಕಲ್ಯವಿಲ್ಲದ ಅವಿವಾಹಿತ ಹಿಂದೂ ಮಗಳಿಗೆ ಸ್ವಂತ ಆದಾಯವಿಲ್ಲದಿದ್ದರೆ 1956ರ ಕಾಯ್ದೆಯ 20ನೇ ಕಲಮಿನ 3ನೇ ಉಪಕಲಮು ಆಸರೆ ಎಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಅಭಿಲಾಷಾ ಪ್ರಕರಣದಲ್ಲಿ 2020ರಲ್ಲಿ ಸ್ಪಷ್ಟಪಡಿಸಿದೆ. ವಿಮೆಗಳಲ್ಲಿ ಅವಲಂಬಿತ ಮಕ್ಕಳ ವಯೋಮಿತಿ ಸಾಮಾನ್ಯವಾಗಿ 25 ವರ್ಷ ಇರುವುದರಿಂದ, ಜೀವನಾಂಶ ನಿಂತರೂ ವಿಮೆಯಲ್ಲಿನ ಹೆಸರು ಆ ವಯಸ್ಸಿನವರೆಗೆ ಮುಂದುವರಿಯುವಂತೆ ಮೊದಲ ಅರ್ಜಿಯಲ್ಲೇ ಕೋರಿರುವುದು ಒಳ್ಳೆಯದು. ಆ ವಯೋಮಿತಿ ಮುಗಿಯುವ ಮುನ್ನ ಪಾಲಿಸಿಯನ್ನು ಮಗ ಅಥವಾ ಮಗಳ ಸ್ವಂತ ಹೆಸರಿಗೆ ವರ್ಗಾಯಿಸಿಕೊಂಡರೆ ಅಲ್ಲಿಯವರೆಗೆ ಸಂದ ಕಾಯುವ ಅವಧಿಯ ಲಾಭ ಅವರ ಜೊತೆಯಲ್ಲೇ ಮುಂದುವರಿಯುತ್ತದೆ.